ಹೊಸಬರಿಗೆ ಮಾರ್ಗದರ್ಶಿ: ಕಡಿಮೆ ಖರ್ಚಲ್ಲಿ ಅಡುಗೆಮನೆ, ಸಣ್ಣಪುಟ್ಟ ರಿಪೇರಿ

ಹೊಸದಾಗಿ ಬಂದು ಮನೆ ಹೂಡ್ತಿರೋ ಎಲ್ರಿಗೂ ಸಂಘದ ಕಡೆಯಿಂದ ನಮಸ್ಕಾರ. ಡಿಪಾಸಿಟ್ಟು, ಮೊದಲ ತಿಂಗಳ ಬಾಡಿಗೆ, ಮಕ್ಕಳ ಸ್ಕೂಲು, ಓಡಾಟ ಎಲ್ಲಾ ಒಟ್ಟಿಗೇ ಬಂದು ಬಿದ್ದಾಗ ಕೈ ಬಿಗಿ ಆಗೋದು ಸಹಜ, ಅದ್ರಲ್ಲಿ ಅಡುಗೆಮನೆ ಸರಿ ಇಲ್ಲ ಅಂತ ದಿನಾ ಹೊರಗಡೆ ತಿಂದ್ರೆ ಉಳಿದಿದ್ದೂ ಹೋಗತ್ತೆ. ಹೊಸ ಕುಟುಂಬಗಳು ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ ಇರೋದ್ರಿಂದ ಎಲ್ಲಾನೂ ಒಂದು ಕಡೆ ಬರ್ದಿದೀವಿ. ಇದರಲ್ಲಿ ನಾವು ಒತ್ತಿ ಹೇಳೋದು ಇಷ್ಟೇ, ಮೊದಲು ಸೋರಿ ಹೋಗ್ತಿರೋದನ್ನ ನಿಲ್ಲಿಸಿ, ಹೊಸದು ಕೊಳ್ಳೋ ವಿಚಾರ ಆಮೇಲೆ. ಕೊಳೆತು ಕಸಕ್ಕೆ ಹೋಗೋ ತರಕಾರಿ, ಕಿಟಕಿ ಸಂದಿನಲ್ಲಿ ಹೊರಟೋಗೋ ಬಿಸಿ, ರಾತ್ರಿಯೆಲ್ಲಾ ತೊಟ್ಟಿಕ್ಕೋ ನಲ್ಲಿ, ಇವೆಲ್ಲಾ ನೀವು ಆಗಲೇ ಕೊಟ್ಟಿರೋ ದುಡ್ಡು.

ಒಲೆ ನೋಡಿ ಆಮೇಲೆ ಪಾತ್ರೆ

ಪಾತ್ರೆ ಕೊಳ್ಳೋ ಮುಂಚೆ ನಿಮ್ಮ ಮನೇಲಿರೋ ಒಲೆ ಯಾವ್ದು ಅಂತ ತಿಳ್ಕೊಳ್ಳಿ. ಇಂಡಕ್ಷನ್ ಆಗಿದ್ರೆ ಅಲ್ಯೂಮಿನಿಯಂ ಕುಕ್ಕರ್ರು, ತಾಮ್ರದ ಪಾತ್ರೆ ಬಿಸಿನೇ ಆಗಲ್ಲ, ತಳದಲ್ಲಿ ಕಬ್ಬಿಣ ಅಥವಾ ಅಯಸ್ಕಾಂತ ಹಿಡಿಯೋ ಸ್ಟೀಲ್ ಇರ್ಬೇಕು. ಫ್ರಿಜ್ ಮೇಲೆ ಅಂಟಿಸೋ ಮ್ಯಾಗ್ನೆಟ್ ಒಂದನ್ನ ಪಾತ್ರೆ ತಳಕ್ಕೆ ಹಿಡಿದು ನೋಡಿ, ಗಟ್ಟಿಯಾಗಿ ಅಂಟ್ಕೊಂಡ್ರೆ ಆ ಪಾತ್ರೆ ನಡೆಯತ್ತೆ. ಗಾಜಿನ ಮೇಲ್ಮೈ ಇರೋ ಮಾಮೂಲಿ ಎಲೆಕ್ಟ್ರಿಕ್ ಒಲೆಗೆ ತಳ ಚಪ್ಪಟೆ ಇದ್ರೆ ಸಾಕು, ಆದ್ರೆ ಭಾರದ ಪಾತ್ರೆನ ಅದರ ಮೇಲೆ ಎಳೆದಾಡ್ಬೇಡಿ, ಗೀರು ಬೀಳತ್ತೆ, ಬಾಡಿಗೆ ಮನೆ ಆದ್ರೆ ಆ ಗೀರಿಗೆ ನಿಮ್ಮ ಡಿಪಾಸಿಟ್ಟಲ್ಲೇ ಕತ್ತರಿ.

ಮೊದಲ ಕೆಲವು ತಿಂಗಳಿಗೆ ಒಂದು ಪ್ರೆಶರ್ ಕುಕ್ಕರ್, ಒಂದು ದಪ್ಪ ತಳದ ಪಾತ್ರೆ, ಒಂದು ಬಾಣಲೆ, ಒಳ್ಳೆ ಚಾಕು, ಇಷ್ಟರಲ್ಲಿ ಒಂದು ಮನೆ ಅಡುಗೆ ಆರಾಮಾಗಿ ನಡೆಯತ್ತೆ. ದೊಡ್ಡ ಸೆಟ್ ಆಫರಲ್ಲಿದೆ ಅಂತ ಆಸೆ ಪಡ್ಬೇಡಿ, ಅದರಲ್ಲಿ ಅರ್ಧ ಪಾತ್ರೆ ಕಪಾಟಿಂದ ಈಚೆಗೇ ಬರಲ್ಲ. ಕುಕ್ಕರ್ ಮಾತ್ರ ಒಳ್ಳೇದೇ ತಗೊಳ್ಳಿ, ಒಳಗಡೆ ಒತ್ತಡ ಪೂರ್ತಿ ಏರಿದಾಗ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್ ತನಕ ಬಿಸಿ ಆಗತ್ತೆ, ಹಂಗಾಗಿ ಕಾಳು ಬೇಗ ಬೆಂದು ಗ್ಯಾಸೋ ಕರೆಂಟೋ ಚೆನ್ನಾಗಿ ಉಳಿಯತ್ತೆ. ಗ್ಯಾಸ್ಕೆಟ್ ಬಿರುಕು ಬಿಟ್ಟಿದ್ರೆ ಹೊಸದು ಹಾಕಿ, ಸೇಫ್ಟಿ ವಾಲ್ವ್ ಜೊತೆ ಚೌಕಾಶಿ ಬೇಡವೇ ಬೇಡ.

ಕಾಳು, ಬೇಳೆ, ಅನ್ನ

ಕಡಿಮೆ ದುಡ್ಡಲ್ಲಿ ಹೊಟ್ಟೆ ತುಂಬ, ಪ್ರೋಟೀನೂ ಸಿಗೋ ಹಂಗೆ ಮಾಡ್ಬೇಕು ಅಂದ್ರೆ ಒಣ ಕಾಳಿಗಿಂತ ಒಳ್ಳೇದು ಇನ್ನೊಂದಿಲ್ಲ. ಡಬ್ಬಿಯಲ್ಲಿ ಬರೋ ಬೆಂದ ಕಾಳಲ್ಲಿ ನೀವು ಬಹುಪಾಲು ನೀರಿನ ತೂಕಕ್ಕೇ ದುಡ್ಡು ಕೊಡ್ತೀರ. ಒಂದು ಕಪ್ ಒಣ ಕಾಳು ಬೆಂದ ಮೇಲೆ ಎರಡೂವರೆಯಿಂದ ಮೂರು ಕಪ್ ಆಗತ್ತೆ. ವಾರಕ್ಕೊಂದು ಸಲ ಜಾಸ್ತಿನೇ ನೆನೆಸಿ, ಬೇಯಿಸಿ, ಒಂದೊಂದು ಹೊತ್ತಿಗೆ ಬೇಕಾಗೋ ಅಷ್ಟು ಬೇರೆ ಬೇರೆ ಡಬ್ಬಿಗೆ ಹಾಕಿ ಫ್ರೀಜರಲ್ಲಿಡಿ, ಕೆಲಸ ಮುಗಿಸಿ ಸುಸ್ತಾಗಿ ಬಂದ ದಿನ ಹೊರಗಿಂದ ತರಿಸೋ ಯೋಚನೆ ತಾನಾಗೇ ಬಿಟ್ಟೋಗತ್ತೆ. ಕಾಳು ಎಷ್ಟೊತ್ತಾದ್ರೂ ಬೇಯ್ತಾ ಇಲ್ಲ ಅಂದ್ರೆ ಒಂದೋ ಕಾಳು ತುಂಬ ಹಳೇದು, ಇಲ್ಲಾ ಹುಳಿ ಅಥವಾ ಟೊಮ್ಯಾಟೊ ಮುಂಚೆನೇ ಹಾಕಿದೀರ, ಇಲ್ಲಾ ನಿಮ್ಮ ಹೊಸ ಊರಿನ ನೀರು ಗಡಸು. ಹುಳಿ ಯಾವಾಗ್ಲೂ ಕಾಳು ಮೆತ್ತಗಾದ ಮೇಲೇ ಹಾಕಿ, ಗಡಸು ನೀರಾದ್ರೆ ನೆನೆಸುವಾಗ ಒಂದೇ ಒಂದು ಚಿಟಿಕೆ ಅಡುಗೆ ಸೋಡ ಸಾಕು.

ಇಲ್ಲಿ ಒಂದು ವಿಷ್ಯ ದಯವಿಟ್ಟು ಗಮನ ಇಟ್ಟು ಓದಿ. ಕೆಂಪು ರಾಜ್ಮಾ ಕಾಳಲ್ಲಿ ಲೆಕ್ಟಿನ್ ಜಾತಿಯ ಒಂದು ವಿಷ ಇರತ್ತೆ, ಅರ್ಧಂಬರ್ಧ ಬೆಂದಿದ್ದನ್ನ ತಿಂದ್ರೆ ಕೆಲವೇ ಗಂಟೆಯಲ್ಲಿ ಜೋರು ವಾಂತಿ, ಭೇದಿ ಶುರುವಾಗತ್ತೆ. ಕಡಿಮೆ ಅಂದ್ರೂ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕೊತಕೊತ ಅಂತ 10 ನಿಮಿಷ ಕುದಿಸ್ಲೇಬೇಕು, 30 ನಿಮಿಷ ಕುದಿಸಿದ್ರೆ ಇನ್ನೂ ಒಳ್ಳೇದು. ಸ್ಲೋ ಕುಕ್ಕರ್ ಅಗ್ಗಕ್ಕೆ ಸಿಕ್ತು ಅಂತ ಹಸಿ ರಾಜ್ಮಾನ ನೇರವಾಗಿ ಅದರೊಳಗೆ ಹಾಕ್ಬೇಡಿ, ಅದರ ಬಿಸಿ ಆ ವಿಷ ಕೊಲ್ಲೋಷ್ಟು ಇರಲ್ಲ, ಪ್ರೆಶರ್ ಕುಕ್ಕರಲ್ಲಿ ಚೆನ್ನಾಗಿ ಬೇಯಿಸಿದ್ರೆ ತೊಂದ್ರೆ ಇಲ್ಲ.

ಅನ್ನನೂ ಅಷ್ಟೇ. ರಾತ್ರಿ ಉಳಿದಿದ್ದು ಒಲೆ ಮೇಲೇ ಬೆಳಗಿನ ತನಕ ಇರ್ಲಿ ಅನ್ನೋದು ಬೇಡ. ಅಕ್ಕಿಯಲ್ಲಿರೋ ಒಂದು ಬ್ಯಾಕ್ಟೀರಿಯಾದ ಬೀಜಾಣು ಕುದಿಸಿದ್ರೂ ಸಾಯಲ್ಲ, ಅನ್ನ ಬೆಚ್ಚಗೆ ಹಂಗೇ ಕೂತ್ರೆ ಅದು ಬೆಳೆದು ವಿಷ ಮಾಡತ್ತೆ, ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ಅಗಲ ತಟ್ಟೆಗೆ ಹರಡಿ ಆರಿಸಿ ಎರಡು ಗಂಟೆ ಒಳಗೆ ಫ್ರಿಜ್ಜಿಗೆ ಸೇರಿಸಿ, ನಾಳೆಯೇ ಮುಗಿಸಿ.

ಫ್ರಿಜ್ಜಲ್ಲಿ ಕೊಳೆಯೋ ದುಡ್ಡು

ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ, ಫ್ರೀಜರ್ ಮೈನಸ್ 18 ಇರ್ಬೇಕು. ಬಾಡಿಗೆ ಮನೆ ಹಳೇ ಫ್ರಿಜ್ ಆದ್ರೆ ಒಂದು ಸಣ್ಣ ಥರ್ಮಾಮೀಟರ್ ಒಳಗಿಟ್ಟು ನೋಡಿ, ನಂಬರ್ ಗುಂಡಿ ನಂಬ್ಬೇಡಿ. ಬಾಗಿಲು ಮುಚ್ಚುವಾಗ ಮಧ್ಯೆ ಒಂದು ಕಾಗದ ಇಟ್ಟು ಎಳೀರಿ, ಸಲೀಸಾಗಿ ಜಾರಿ ಬಂದ್ರೆ ರಬ್ಬರ್ ಸಡಿಲ ಆಗಿದೆ ಅಂತ, ಮೊದಲು ಬಿಸಿನೀರು ಸೋಪಲ್ಲಿ ಅದನ್ನ ಒರೆಸಿ ನೋಡಿ, ಎಷ್ಟೋ ಸಲ ಬರೀ ಜಿಡ್ಡೇ ಕಾರಣ ಆಗಿರತ್ತೆ.

ಸೊಪ್ಪು ತೊಳೆದ ನೀರು ಪೂರ್ತಿ ಆರಿಸಿ, ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಒದ್ದೆ ಪ್ಲಾಸ್ಟಿಕ್ ಕವರಲ್ಲಿ ಬಿಟ್ಟಿದ್ದಕ್ಕಿಂತ ಎಷ್ಟೋ ದಿನ ಜಾಸ್ತಿ ಬಾಳತ್ತೆ. ಸೇಬು, ಬಾಳೆಹಣ್ಣು ಎಥಿಲೀನ್ ಅನ್ನೋ ಅನಿಲ ಬಿಡ್ತವೆ, ಪಕ್ಕದಲ್ಲಿ ಸೊಪ್ಪಿಟ್ರೆ ಬೇಗ ಹಳದಿ ಆಗತ್ತೆ. ಈರುಳ್ಳಿ, ಆಲೂಗಡ್ಡೆ ಎರಡೂ ಒಂದೇ ಬುಟ್ಟೀಲಿ ಬೇಡ, ಆಲೂಗಡ್ಡೆ ಕತ್ತಲಲ್ಲಿರ್ಲಿ. ಶುಂಠಿ ಇಡಿಯಾಗಿ ಫ್ರೀಜರಿಗೆ ಹಾಕಿ, ಬೇಕಾದಾಗ ಹಂಗೇ ತುರಿದುಕೊಳ್ಳಿ. ಮಸಾಲೆ ಪುಡಿ ಸ್ವಲ್ಪ ಸ್ವಲ್ಪನೇ ತಗೊಳ್ಳಿ, ಇಡೀ ಕಾಳಿನ ರೂಪದಲ್ಲಿರೋದು ಜಾಸ್ತಿ ದಿನ ಘಮ ಹಿಡಿದಿಡತ್ತೆ.

ಅಂಗಡೀಲಿ ಪ್ಯಾಕೆಟ್ ಬೆಲೆ ನೋಡ್ಬೇಡಿ, ಕೆಜಿಗೆ ಎಷ್ಟು ಬಿತ್ತು ಅಂತ ನೋಡಿ, ದೊಡ್ಡ ಪ್ಯಾಕೇ ಯಾವಾಗ್ಲೂ ಅಗ್ಗ ಅಂತೇನಿಲ್ಲ. ದೊಡ್ಡ ಮೂಟೆ ಅಕ್ಕಿ ಬೇಳೆ ತರೋದಾದ್ರೆ ಇನ್ನೊಂದೆರಡು ಮನೆಯವರ ಜೊತೆ ಹಂಚ್ಕೊಳ್ಳಿ, ಒಬ್ಬರ ಮನೇಲೇ ಇಟ್ರೆ ಹುಳ ಹಿಡಿಯೋ ಅಪಾಯ.

ನಲ್ಲಿ, ಕಿಟಕಿ, ತೇವ

ಸೆಕೆಂಡಿಗೊಂದು ಹನಿ ಅಂದ್ರೆ ದಿನಕ್ಕೆ 86,400 ಹನಿ. ನಾಲ್ಕು ಹನಿಗೆ ಒಂದು ಮಿಲಿಲೀಟರ್ ಅಂತ ಹಿಡಿದ್ರೂ ದಿನಕ್ಕೆ 20 ಲೀಟರ್ ಮೇಲೆ ಹೋಯ್ತು, ಬಿಸಿನೀರಿನ ನಲ್ಲಿ ಆದ್ರೆ ಜೊತೆಗೆ ಕಾಯಿಸಿದ ಖರ್ಚೂ ಹೋಯ್ತು. ಹಳೇ ತಿರುಗಿಸೋ ನಲ್ಲೀಲಿ ಬಹುತೇಕ ಸವೆದ ವಾಷರ್ರೇ ಕಾರಣ. ಸಿಂಕ್ ಕೆಳಗಿನ ವಾಲ್ವ್ ಮುಚ್ಚಿ, ನಲ್ಲಿ ತಿರುಗಿಸಿ ಉಳಿದ ನೀರು ಬಿಟ್ಟು, ಸಿಂಕ್ ತೂತಿಗೆ ಒಂದು ಬಟ್ಟೆ ತುರುಕಿ (ಸ್ಕ್ರೂ ಒಳಗೆ ಬಿದ್ರೆ ಕಷ್ಟ), ಬಿಚ್ಚುತ್ತಾ ಹೋದಂಗೆ ಪ್ರತಿ ತುಂಡಿಗೂ ಫೋನಲ್ಲಿ ಫೋಟೊ ತೆಗೀರಿ. ಹಳೇ ವಾಷರನ್ನೇ ಅಂಗಡಿಗೆ ತಗೊಂಡು ಹೋಗಿ ಅದೇ ಅಳತೇದು ತನ್ನಿ. ಬಾಡಿಗೆ ಮನೆ ಆದ್ರೆ ಮೊದಲು ಓನರಿಗೆ ಹೇಳಿ, ಬಹಳ ಕಡೆ ಇದು ಅವರೇ ಮಾಡಿಸ್ಬೇಕಾದ ಕೆಲಸ.

ಟಾಯ್ಲೆಟ್ ಟ್ಯಾಂಕ್ ಸದ್ದಿಲ್ದೇ ಸೋರತ್ತೆ. ಟ್ಯಾಂಕಿಗೆ ಅಡುಗೆ ಬಣ್ಣ ನಾಲ್ಕು ಹನಿ ಹಾಕಿ, ಫ್ಲಶ್ ಮಾಡ್ದೆ ಕಾಲು ಗಂಟೆ ಬಿಡಿ, ಬಣ್ಣ ಕೆಳಗೆ ಬಂದ್ರೆ ಒಳಗಿನ ರಬ್ಬರ್ ಮುಚ್ಚಳ ಬದಲಾಯಿಸೋ ಹೊತ್ತು.

ಚಳಿ ಇರೋ ಕಡೆ ಗಾಳಿ ಎಲ್ಲಿಂದ ನುಗ್ತಿದೆ ಅಂತ ಹುಡುಕೋಕೆ ಗಾಳಿ ಬೀಸೋ ದಿನ ಒಂದು ಊದಿನಕಡ್ಡಿ ಹಚ್ಚಿ, ಪರದೆ ದೂರ ಸರಿಸಿ, ಕಿಟಕಿ ಬಾಗಿಲ ಅಂಚಿನ ಸುತ್ತ ನಿಧಾನಕ್ಕೆ ಹಿಡೀರಿ. ಹೊಗೆ ನೆಟ್ಟಗೆ ಏರೋದು ಬಿಟ್ಟು ಅಡ್ಡ ವಾಲಿದ್ರೆ ಅಲ್ಲೇ ಸಂದು. ಅಂಚು ಒರೆಸಿ, ಪೂರ್ತಿ ಒಣಗಿಸಿ ಫೋಮ್ ಟೇಪ್ ಅಂಟಿಸಿ, ಧೂಳಿನ ಮೇಲೆ ಅಂಟಿಸಿದ್ರೆ ವಾರಕ್ಕೇ ಕಿತ್ತು ಬರತ್ತೆ. ಬಾಗಿಲ ಕೆಳಗೆ ಸುತ್ತಿದ ಟವೆಲ್ಲೂ ಸಾಕು. ಗ್ಯಾಸ್ ಹೀಟರ್, ಬಾಯ್ಲರ್ ಇರೋ ಕೋಣೆಯ ಗಾಳಿ ಕಿಂಡಿ ಮಾತ್ರ ಯಾವತ್ತೂ ಮುಚ್ಚಬೇಡಿ, ಕಾರ್ಬನ್ ಮಾನಾಕ್ಸೈಡ್ ತುಂಬ್ಕೊಂಡ್ರೆ ವಾಸನೆನೂ ಬರಲ್ಲ, ಜೀವಕ್ಕೇ ಅಪಾಯ.

ಹಂಗೆ ಸಂದು ಮುಚ್ಚಿದ ಮನೇಲಿ ತೇವ ಹೆಚ್ಚಿ ಗೋಡೆ ಮೂಲೇಲಿ ಕಪ್ಪು ಬೂಷ್ಟು ಬರ್ಬೋದು. ಸ್ನಾನ ಆದ್ಮೇಲೆ ಫ್ಯಾನ್ 20 ನಿಮಿಷ ಓಡ್ಲಿ, ಕುದಿಯೋ ಪಾತ್ರೆಗೆ ಮುಚ್ಚಳ ಹಾಕಿ, ಕಪಾಟು ಗೋಡೆಗೆ ಒತ್ತಿ ಇಡ್ಬೇಡಿ. ಬೂಷ್ಟು ಒರೆಸೋಕೆ ಬ್ಲೀಚ್ ತಗೊಂಡ್ರೆ ಅದಕ್ಕೆ ವಿನೆಗರ್ ಆಗ್ಲಿ ಅಮೋನಿಯ ಇರೋ ಕ್ಲೀನರ್ ಆಗ್ಲಿ ಸೇರಿಸ್ಲೇಬೇಡಿ, ವಿಷಾನಿಲ ಏಳತ್ತೆ.

ಒಗ್ಗರಣೆ ಹಾಕಿದಾಗ ಸ್ಮೋಕ್ ಅಲಾರಂ ಕೂಗತ್ತೆ ಅಂತ ಬ್ಯಾಟರಿ ತೆಗೆದಿಡೋರು ಇದಾರೆ, ದಯವಿಟ್ಟು ಬೇಡ. ಫ್ಯಾನ್ ಮುಂಚೆನೇ ಹಾಕಿ, ಕಿಟಕಿ ತೆಗೀರಿ, ಉರಿ ಮಧ್ಯಮ ಇರ್ಲಿ. ಎಣ್ಣೆ ಮಿಕ್ಕಿದ್ರೆ ಸಿಂಕಿಗೆ ಸುರೀಬೇಡಿ, ಆರಿದ್ಮೇಲೆ ಖಾಲಿ ಡಬ್ಬಿಗೆ ತುಂಬಿ ಕಸಕ್ಕೆ ಹಾಕಿ.

ಗೋಡೆ, ಸೆಕೆಂಡ್ ಹ್ಯಾಂಡ್ ಸಾಮಾನು

ಮನೆಗೆ ಬಂದ ಮೊದಲ ದಿನವೇ ಗೋಡೆ, ನೆಲ, ಒಲೆ, ಬಾತ್‌ರೂಮ್ ಎಲ್ಲಾ ಫೋಟೊ ತೆಗೆದು ಓನರಿಗೆ ಕಳಿಸಿ. ಡ್ರಿಲ್, ಪೇಂಟ್ ಮಾಡೋ ಮುಂಚೆ ಬರಹದಲ್ಲಿ ಒಪ್ಪಿಗೆ ಇರ್ಲಿ. ಹಳೇ ಬಲ್ಬಿದ್ರೆ ಎಲ್‌ಇಡಿ ಹಾಕಿ, 60 ವ್ಯಾಟಿನ ಹಳೇ ಬಲ್ಬಿನ ಬೆಳಕು ಸುಮಾರು 9 ವ್ಯಾಟಲ್ಲೇ ಸಿಗತ್ತೆ. ಕಪಾಟಿನ ಬಾಗಿಲ ಸ್ಕ್ರೂ ಹಿಡೀತಿಲ್ಲ ಅಂದ್ರೆ ತೂತಿಗೆ ಮರದ ಗೋಂದು ಹಚ್ಚಿದ ಟೂತ್‌ಪಿಕ್ ತುರುಕಿ, ಒಣಗಿದ್ಮೇಲೆ ಕತ್ತರಿಸಿ ಮತ್ತೆ ಸ್ಕ್ರೂ ತಿರುಗಿಸಿ, ಗಟ್ಟಿ ಕೂರತ್ತೆ.

ಮರದ ಮೇಜು, ಕುರ್ಚಿ, ಶೆಲ್ಫು ಸೆಕೆಂಡ್ ಹ್ಯಾಂಡ್ ಧಾರಾಳವಾಗಿ ತಗೊಳ್ಳಿ. ಹಾಸಿಗೆ, ಸೋಫಾ ವಿಷ್ಯದಲ್ಲಿ ಹೊಲಿಗೆ ಅಂಚನ್ನ ಟಾರ್ಚ್ ಹಾಕಿ ನೋಡಿ, ಸಣ್ಣ ಕಪ್ಪು ಚುಕ್ಕೆ ಕಂಡ್ರೆ ತಿಗಣೆ ಇರ್ಬೋದು, ಪುಕ್ಕಟೆ ಕೊಟ್ರೂ ಬೇಡ. ಮಕ್ಕಳ ಕಾರ್ ಸೀಟು, ಹೆಲ್ಮೆಟ್ಟು ಗೊತ್ತಿಲ್ಲದವರ ಹತ್ರ ಹಳೇದು ಕೊಳ್ಳಬೇಡಿ, ಒಂದ್ಸಲ ಆಕ್ಸಿಡೆಂಟಲ್ಲಿ ಪೆಟ್ಟು ತಿಂದಿದ್ರೆ ಹೊರಗೆ ಕಾಣಿಸಲ್ಲ.

ಡ್ರಿಲ್ಲು, ಏಣಿ, ಸ್ಪ್ಯಾನರ್ ಸೆಟ್ ಒಂದು ದಿನದ ಕೆಲಸಕ್ಕೆ ಕೊಳ್ಳೋ ಅಗತ್ಯ ಇಲ್ಲ, ಸಂಘದ ಗ್ರೂಪಲ್ಲಿ ಕೇಳಿ, ಯಾರ ಮನೇಲಾದ್ರೂ ಇರತ್ತೆ. ವೈರಿಂಗು, ಗ್ಯಾಸ್ ಪೈಪು ಮಾತ್ರ ಲೈಸೆನ್ಸ್ ಇರೋರ ಕೈಲೇ ಮಾಡಿಸಿ, ಯಾರನ್ನ ಕರೀಬೇಕು ಗೊತ್ತಿಲ್ಲ ಅಂದ್ರೆ ಅದನ್ನೂ ಕೇಳಿ, ಹಳಬರು ಹೇಳ್ತಾರೆ.