ಬಿಸಿಲಿಗೂ ಜಗ್ಗದ ಸೆನ್ಸರ್: ನನ್ನ ಎಡಕುಮೇರಿಯ ಕ್ರಾಸಿಂಗ್

ಕಳೆದ ಆಯುಧಪೂಜೆಯ ದಿನ ಬೆಳಿಗ್ಗೆ 10ಕ್ಕೆ ನನ್ನ ಪುಟ್ಟ ಮಾದರಿ ರೈಲುಮಾರ್ಗದ ಸ್ವಿಚ್ ಹಾಕಿದವನು ರಾತ್ರಿ 8ಕ್ಕೆ ಆರಿಸಿದೆ. ನಡುವೆ ಒಮ್ಮೆಯೂ ಹಳಿಗೆ ಕೈ ಹಚ್ಚಲಿಲ್ಲ. ಎರಡು ರೈಲುಗಳು ಎರಡು ತುದಿಯಿಂದ ಹೊರಟು, ನಡುವಿನ ನಿಲ್ದಾಣದಲ್ಲಿ ಒಂದಕ್ಕೊಂದು ದಾರಿ ಬಿಟ್ಟುಕೊಟ್ಟು, ತಮ್ಮ ಪಾಡಿಗೆ ತಾವು ಓಡಾಡಿಕೊಂಡಿದ್ದವು. ಲೆಕ್ಕ ಬರೆದಿಡಲಿಲ್ಲ, 200 ಕ್ರಾಸಿಂಗ್‌ಗಳ ಹತ್ತಿರ ಆಗಿರಬೇಕು. "ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ಸೆನ್ಸರ್ ನಂಬಿ ಯಾರೂ ಉದ್ಧಾರವಾಗಿಲ್ಲ ರಾಯರೇ, ಸುಮ್ಮನೆ ಡಿಸಿಸಿಗೆ (ಹಳಿಯ ಮೂಲಕ ಪ್ರತಿ ಎಂಜಿನ್ನಿಗೂ ಡಿಜಿಟಲ್ ಆದೇಶ ಕಳಿಸುವ ವಿಧಾನ) ಹೋಗಿ" ಎಂದಿದ್ದ ಗೆಳೆಯರೇ ಅಂದು ಮಧ್ಯಾಹ್ನ ಬಂದು ಎರಡು ಗಂಟೆ ನಿಂತು ನೋಡಿದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಎಚ್‌ಒ ಅಳತೆ (ಅಸಲಿನ 87ರಲ್ಲೊಂದು ಪಾಲು), ಸಾದಾ ಡಿಸಿ (ಹಳಿಯ ವಿದ್ಯುತ್ತನ್ನು ಏರಿಳಿಸಿಯೇ ರೈಲು ಓಡಿಸುವ ವಿಧಾನ). ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆಯ ಎರಡು ಗೋಡೆಗಳಿಗೆ ತಾಗಿ ಸುಮಾರು 6 ಮೀಟರ್ ಒಂಟಿ ಹಳಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಘಾಟಿಯೇ ಮಾದರಿ. ಅಲ್ಲಿರುವ 57 ಸುರಂಗಗಳಲ್ಲಿ ನನಗೆ ಮಾಡಲಾದದ್ದು 3. ನಡುವೆ ಲೂಪ್ (ಒಂದು ರೈಲು ಪಕ್ಕಕ್ಕೆ ಸರಿದು ನಿಲ್ಲುವ ಕವಲು ಹಳಿ) ಇರುವ ಎಡಕುಮೇರಿ ನಿಲ್ದಾಣ. ಏರು ಮಾತ್ರ ಅಸಲಿನಂತೆಯೇ 50ಕ್ಕೆ 1, ಅಂದರೆ ಮೀಟರಿಗೆ 2 ಸೆಂಟಿಮೀಟರ್. ಅದರಲ್ಲಿ ರಾಜಿ ಮಾಡಿಕೊಳ್ಳಲಿಲ್ಲ. ರಸ್ತೆಯೇ ಇಲ್ಲದ ಕಾಡಿನ ನಡುವಿನ ಆ ನಿಲ್ದಾಣದಲ್ಲಿ ಎದುರು ಗಾಡಿಗಾಗಿ ಕಾದು ಕುಳಿತವರಿಗೆ ಗೊತ್ತು, ಕ್ರಾಸಿಂಗ್ ಇಲ್ಲದೆ ಎಡಕುಮೇರಿ ಇಲ್ಲ. ಆದ್ದರಿಂದ ಕ್ರಾಸಿಂಗ್ ತಾನಾಗಿಯೇ ನಡೆಯಬೇಕೆಂಬ ಹಟ ಹುಟ್ಟಿತು. ಅದಕ್ಕೆ ಮೂರು ವರ್ಷ ಹಿಡಿಯಿತು.

ರೈಲು ಗುರುತಿಸಲು ಮೊದಲು ಹಾಕಿದ್ದು ರೀಡ್ ಸ್ವಿಚ್, ಅಂದರೆ ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಸ್ವಿಚ್. ಅಗ್ಗ, ತಲಾ 15 ರೂಪಾಯಿ. ಎಂಜಿನ್ನಿನ ಹೊಟ್ಟೆಗೆ ಪುಟ್ಟ ಅಯಸ್ಕಾಂತ ಅಂಟಿಸಿದೆ. ಎರಡು ವಾರ ಚೆನ್ನಾಗಿಯೇ ಓಡಿತು. ಆಮೇಲೆ ರೈಲು ಕುಂಟತೊಡಗಿತು. ತಿರುಗಿಸಿ ನೋಡಿದರೆ ಅಯಸ್ಕಾಂತಕ್ಕೆ ಕಪ್ಪು ಗಡ್ಡ ಬೆಳೆದಿತ್ತು! ಜಲ್ಲಿಯ ಬದಲು ನಾನು ಹರಡಿದ್ದು ನಂಜನಗೂಡಿನಿಂದ ತಂದು ಜರಡಿ ಹಿಡಿದ ಕಪಿಲೆಯ ಮರಳು. ಅದರೊಳಗಿನ ಕಬ್ಬಿಣದ ಕಣಗಳನ್ನೆಲ್ಲ ಎಂಜಿನ್ ಹೆಕ್ಕಿಕೊಂಡು ಹೋಗಿ ಪಾಯಿಂಟ್‌ಗಳ (ಹಳಿ ಕವಲೊಡೆಯುವ ಜಾಗಗಳ) ಬಾಯಿಗೆ ಉದುರಿಸುತ್ತಿತ್ತು, ಗೇರಿಗೂ ತಿನ್ನಿಸುತ್ತಿತ್ತು. ಮರಳನ್ನು ಕಿತ್ತು, ಮೊದಲೇ ದೊಡ್ಡ ಅಯಸ್ಕಾಂತ ಆಡಿಸಿ ಶುದ್ಧ ಮಾಡಿ, ಮತ್ತೆ ಅಂಟಿಸುವುದಕ್ಕೆ ಒಂದು ತಿಂಗಳು ಹೋಯಿತು.

ಅದಾದ ಮೇಲೆ ನಡೆದದ್ದು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ರೀಡ್ ಸ್ವಿಚ್‌ನಿಂದ ನೇರವಾಗಿ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಕಾಯಿಲ್ ಓಡಿಸುತ್ತಿದ್ದೆ, ಕಿಡಿ ತಡೆಯುವ ಡಯೋಡ್ ಹಾಕಿರಲಿಲ್ಲ. ಒಂದು ಸಂಜೆ ಸ್ವಿಚ್ಚಿನ ತುದಿಗಳು ಕಿಡಿಯ ಶಾಖಕ್ಕೆ ಬೆಸೆದುಕೊಂಡವು. ಲೂಪ್‌ಗೆ ರೈಲು ಬಂದು ನಿಂತಿದೆ ಎಂದೇ ಸರ್ಕ್ಯೂಟ್ ತಿಳಿಯಿತು. ಆ ರೈಲು ಇನ್ನೂ ದಾರಿಯಲ್ಲಿರುವಾಗಲೇ ಎದುರು ಗಾಡಿಗೆ ದಾರಿ ಕೊಟ್ಟುಬಿಟ್ಟಿತು. ಸುರಂಗದ ಬಾಯಿಯಲ್ಲಿ ಎದುರುಬದುರು ಡಿಕ್ಕಿ. ನಾನೇ ಬಣ್ಣ ಬಳಿದು ನಮ್ಮ ಡೀಸೆಲ್‌ನಂತೆ ಮಾಡಿದ್ದ ಎಂಜಿನ್ ಮೂರೂವರೆ ಅಡಿ ಎತ್ತರದಿಂದ ಮೊಸಾಯಿಕ್ ನೆಲಕ್ಕೆ ಬಿತ್ತು. ರಿಪೇರಿಗೆ 5,500 ರೂಪಾಯಿ. ಮುಂದಿನ ಬಂಪರ್ ಇಂದಿಗೂ ಸ್ವಲ್ಪ ಓರೆ.

ಆಮೇಲೆ ಟಿವಿ ರಿಮೋಟಿನಲ್ಲಿ ಬಳಸುವ 38 ಕಿಲೋಹರ್ಟ್ಸ್ ರಿಸೀವರ್ ಹಿಡಿದೆ. ಹಳಿಯ ಒಂದು ಬದಿಯಿಂದ ಕಿರಣ, ಇನ್ನೊಂದು ಬದಿಯಲ್ಲಿ ರಿಸೀವರ್. ಕಿರಣವನ್ನು ಓರೆಯಾಗಿ ಹಾಯಿಸಬೇಕು, ಇಲ್ಲದಿದ್ದರೆ ಎರಡು ಬೋಗಿಗಳ ನಡುವಿನ ಸಂದು ಸಿಕ್ಕಿದ ಕೂಡಲೇ ರೈಲು ದಾಟಿತೆಂದು ತಿಳಿಯುತ್ತದೆ. ಕಿರಣವನ್ನು ಬಿಡದೆ ಹಾಯಿಸಿದರೆ ಆ ರಿಸೀವರ್ ಅದನ್ನು ಗದ್ದಲವೆಂದು ಬಗೆದು ಕಿವುಡಾಗುತ್ತದೆ, ಬಿಟ್ಟುಬಿಟ್ಟು ಕಳಿಸಬೇಕು. ಅದನ್ನೂ ಕಲಿತೆ. ಆದರೆ ಹಳಿಯ ಪಕ್ಕದಲ್ಲಿ ಎದ್ದು ಕಾಣುವ ಆ ಕಪ್ಪು ಗೂಟಗಳು ಘಾಟಿಯ ಚೆಲುವನ್ನೇ ಕೆಡಿಸಿದವು. ಕಿತ್ತೆಸೆದೆ. ಸ್ಲೀಪರ್‌ಗಳ ನಡುವೆ ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ರೋಧ ಬದಲಿಸುವ ಬಿಡಿಭಾಗ) ಹೂತು ನೆರಳಿನಿಂದ ರೈಲು ಗುರುತಿಸುವುದನ್ನೂ ಮಾಡಿ ನೋಡಿದೆ. ಹಗಲಿಗೆ ಅದರಷ್ಟು ಸರಳವಾದದ್ದು ಇಲ್ಲ. ಆದರೆ ಕೋಣೆಯ ದೀಪ ಆರಿಸಿ, ಬೋಗಿಗಳ ಕಿಟಕಿಗಳಲ್ಲಿ ಬೆಳಕು ಮೂಡುವ ರಾತ್ರಿಯ ಓಟವೇ ನನಗೆ ಪ್ರಾಣ. ಅಲ್ಲಿ ಅದು ಕುರುಡು.

ಕೊನೆಗೆ ಎಲ್ಲರೂ ಬೈಯುವ ಟಿಸಿಆರ್‌ಟಿ 5000ಕ್ಕೇ ಬಂದೆ, ಇನ್‌ಫ್ರಾರೆಡ್ ಬೆಳಕು ಹಾಯಿಸಿ ಅದು ತಾಗಿ ಮರಳುವುದನ್ನು ಅಳೆಯುವ ಸೆನ್ಸರ್ ಅದು. ದೂರು ಏನೆಂದು ನಿಮಗೂ ಗೊತ್ತು: ಬಿಸಿಲು ಬಿದ್ದರೆ ಹುಚ್ಚು ಹಿಡಿಯುತ್ತದೆ. ನನ್ನ ಕೋಣೆಗೋ ಪಡುವಣ ಕಿಟಕಿ. ಸಂಜೆ ನಾಲ್ಕಾದರೆ ಎಡಕುಮೇರಿಯಲ್ಲಿ ಇಲ್ಲದ ರೈಲುಗಳೆಲ್ಲ ಬಂದು ನಿಲ್ಲುತ್ತಿದ್ದವು.

ತಪ್ಪು ಸೆನ್ಸರಿನದಲ್ಲ, ನಾವು ಕೊಳ್ಳುವ, ಸೆನ್ಸರ್ ಕೂರಿಸಿದ ಸಿದ್ಧ ನೀಲಿ ಮಾಡ್ಯೂಲಿನದು. ಅದರಲ್ಲಿ ಎಲ್‌ಇಡಿ ಸದಾ ಉರಿಯುತ್ತಲೇ ಇರುತ್ತದೆ. ಬಂದ ಬೆಳಕು ಎಲ್‌ಇಡಿಯದೋ ಸೂರ್ಯನದೋ ಎಂದು ಬೇರ್ಪಡಿಸುವ ದಾರಿಯೇ ಇಲ್ಲ. ಬರೀ ಸೆನ್ಸರ್ ತಂದು ಸ್ಲೀಪರ್‌ಗಳ ನಡುವೆ ಮೇಲ್ಮುಖವಾಗಿ ಕೂರಿಸಿದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ತಲಾ 20 ರೂಪಾಯಿಯಂತೆ ಕೊಟ್ಟ ನೆನಪು. ಎಲ್‌ಇಡಿಯ ಹಿಡಿತವನ್ನು ಆರ್ಡುಯಿನೋ ನ್ಯಾನೋಗೆ (ಪ್ರೋಗ್ರಾಂ ಮಾಡಬಹುದಾದ ಪುಟ್ಟ ಬೋರ್ಡ್) ಕೊಟ್ಟೆ. ಎಲ್‌ಇಡಿ ಆರಿಸಿ ಒಮ್ಮೆ ಅಳೆ, ಉರಿಸಿ ಒಮ್ಮೆ ಅಳೆ, ಕಳೆ. ಉಳಿಯುವುದು ರೈಲಿನ ಹೊಟ್ಟೆಯಿಂದ ಮರಳಿದ ಬೆಳಕು ಮಾತ್ರ. ನೆತ್ತಿಯ ಬಿಸಿಲಿಗೂ ಹೆದರಬೇಕಿಲ್ಲ, ಏಕೆಂದರೆ ರೈಲು ಮೇಲೆ ಬಂದಾಗ ತಾನೇ ನೆರಳು ಕೊಡುತ್ತದೆ. ನನ್ನನ್ನು ಕಾಡಿದ್ದು ನಾಲ್ಕೂವರೆಯ ಓರೆ ಬಿಸಿಲು. ಚಕ್ರಗಳ ನಡುವೆ ತೂರಿ ಬರುವ ಆ ಒಂದು ಪಟ್ಟಿ ಬೆಳಕು ಸೆನ್ಸರನ್ನು ತುಂಬಿಬಿಟ್ಟು ಎರಡು ಅಳತೆಗಳನ್ನೂ ಒಂದೇ ಮಾಡುತ್ತಿತ್ತು. 10 ಕಿಲೋಓಮ್ ಇದ್ದ ಲೋಡ್ ರೆಸಿಸ್ಟರನ್ನು (ಸೆನ್ಸರ್ ಎಷ್ಟು ಬೆಳಕಿಗೆ ತುಂಬುತ್ತದೆಂದು ನಿರ್ಧರಿಸುವ ರೋಧ) ಇಳಿಸುತ್ತ ಬಂದೆ. ಒಂದು ಹಂತದಲ್ಲಿ ಅದೂ ಸುಮ್ಮನಾಯಿತು. ಯಾವ ಹಂತದಲ್ಲಿ ಎಂಬುದನ್ನೂ, ಮಸಿಯಂಥ ಕಪ್ಪು ತಳದ ಎಂಜಿನ್ನಿಗೆ ನಾನು ಏನು ಬಳಿದೆ ಎಂಬುದನ್ನೂ ಇಲ್ಲಿ ಹೇಳುವುದಿಲ್ಲ. ಮೂರು ವರ್ಷ ಬೆವರು ಸುರಿಸಿದ್ದೇನೆ, ಅಷ್ಟು ನನ್ನಲ್ಲೇ ಇರಲಿ.

ಒಟ್ಟು 11 ಸೆನ್ಸರ್. ನ್ಯಾನೋದಲ್ಲಿ ಅನಲಾಗ್ ಪಿನ್ ಎಂಟೇ ಇರುವುದರಿಂದ 4051 ಮಲ್ಟಿಪ್ಲೆಕ್ಸರ್ (ಹಲವು ಸೆನ್ಸರ್‌ಗಳನ್ನು ಒಂದೊಂದಾಗಿ ಒಂದೇ ಪಿನ್ನಿಗೆ ಜೋಡಿಸುವ ಚಿಪ್) ಹಾಕಿದೆ. ಚಾನೆಲ್ ಬದಲಿಸಿದ ಮೇಲೆ ಮೊದಲ ಅಳತೆಯನ್ನು ಬಿಸಾಡಿ, ಎರಡನೆಯದನ್ನು ನಂಬಿ. ಹನ್ನೊಂದನ್ನೂ ಒಂದು ಸುತ್ತು ನೋಡಲು 10 ಮಿಲಿಸೆಕೆಂಡ್ ಸಾಕು, ಅಷ್ಟರಲ್ಲಿ ರೈಲು ಒಂದು ಮಿಲಿಮೀಟರ್ ಸರಿದರೆ ಹೆಚ್ಚು. ವೈರಿಗೆ ಗುಜರಿಯಲ್ಲಿ ತೂಕಕ್ಕೆ ಸಿಗುವ ಹಳೆಯ ನೆಟ್‌ವರ್ಕ್ ಕೇಬಲ್ ಬಳಸಿದೆ. ಅದರ ಹೊಸೆದ ಜೋಡಿಗಳಿಂದ ಮೋಟಾರಿನ ಗದ್ದಲ ಅರ್ಧ ಇಳಿಯಿತು, ಉಳಿದರ್ಧಕ್ಕೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಮೋಟಾರ್ ಡ್ರೈವರ್, ಎರಡು ಸರ್ವೋ (ಬೇಕಾದಷ್ಟೇ ಕೋನ ತಿರುಗುವ ಪುಟ್ಟ ಮೋಟಾರ್), ಪವರ್ ಸಪ್ಲೈ ಎಲ್ಲ ಸೇರಿ ಈಗ ಓಡುತ್ತಿರುವ ವ್ಯವಸ್ಥೆಗೆ ತಗುಲಿದ್ದು 2,200 ರೂಪಾಯಿಯ ಆಸುಪಾಸು. ಇಲ್ಲಿಗೆ ಬರುವ ಮುಂಚೆ ಕಳೆದದ್ದು, ಎಂಜಿನ್ ರಿಪೇರಿ ಬಿಟ್ಟು, 4,000ಕ್ಕೆ ಕಡಿಮೆಯಿಲ್ಲ.

ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಇದನ್ನೆಲ್ಲ ತೋರಿಸಿದಾಗ ಅವರು ಹೊಗಳಲಿಲ್ಲ, ಒಂದೇ ಪ್ರಶ್ನೆ ಕೇಳಿದರು: "ನಿನ್ನ ಎಲ್‌ಇಡಿ ಸುಟ್ಟುಹೋದರೆ ಏನಾಗುತ್ತದಪ್ಪಾ?" ಸುಟ್ಟರೆ ರೈಲು ಕಾಣುವುದಿಲ್ಲ, ಹಳಿ ಖಾಲಿ ಎಂದೇ ಲೆಕ್ಕ, ಮತ್ತೆ ಡಿಕ್ಕಿ. "ಕೆಟ್ಟರೆ ಕೆಂಪಿಗೇ ಕೆಡಬೇಕು" ಎಂದು ಹೇಳಿ ಕಾಫಿ ಕುಡಿದು ಹೋದರು. ಅಂದು ರಾತ್ರಿಯೇ ಕೂತು ಪ್ರೋಗ್ರಾಂ ತಿದ್ದಿದೆ. ರೈಲು ಒಂದು ಸೆನ್ಸರ್ ದಾಟಿದ ಮೇಲೆ ಮುಂದಿನದು 25 ಸೆಕೆಂಡಿನೊಳಗೆ ಅದನ್ನು ಕಾಣದಿದ್ದರೆ ಇಡೀ ಹಳಿಯ ವಿದ್ಯುತ್ ಕಡಿತ. ಹೊರಟ ರೈಲು ತಲುಪಿತೆಂದು ಸಾಬೀತಾಗುವ ತನಕ ಆ ಭಾಗದಲ್ಲಿ ರೈಲು ಇದೆ ಎಂದೇ ಲೆಕ್ಕ. ನನ್ನ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ಇಪ್ಪತ್ತು ಸಾಲುಗಳು ಅವು.

ನಡುವೆ ಬ್ಯಾಂಕರ್ ಎಂಜಿನ್ನಿನ ಆಸೆಯೂ ಹತ್ತಿತು. ಘಾಟಿಯಲ್ಲಿ ಗೂಡ್ಸ್ ಗಾಡಿಯನ್ನು ಹಿಂದಿನಿಂದ ಎಂಜಿನ್ ತಳ್ಳುವಂತೆ ನನ್ನಲ್ಲೂ ತಳ್ಳಲೆಂದು ಹಿಂದೊಂದು ಎಂಜಿನ್ ಕೊಟ್ಟೆ. ಎರಡರ ವೇಗ ಹೊಂದದೆ ನಡುವಿನ ಖಾಲಿ ವ್ಯಾಗನ್‌ಗಳು ತಿರುವಿನಲ್ಲಿ ಹಳಿ ಬಿಟ್ಟು ಮೇಲೆದ್ದವು. ವ್ಯಾಗನ್ನಿಗೆ ತಲಾ 30 ಗ್ರಾಂ ಸೀಸದ ತುಂಡು ಹಾಕಿದ ಮೇಲೆ ಹತ್ತಕ್ಕೆ ಏಳು ಸಲ ಏರುತ್ತಿದೆ. ಬ್ಯಾಂಕರ್ ಕಳಚಿಕೊಳ್ಳಬೇಕಾದ ಜಾಗ ಗುರುತಿಸಲೆಂದೇ ಹನ್ನೊಂದನೆಯ ಸೆನ್ಸರನ್ನು ಮೇಲಿನ ಸುರಂಗದೊಳಗೆ ಇಟ್ಟಿದ್ದು.

ಹೋದ ವಾರ ಅದೇ ಸೆನ್ಸರ್ ಎಲ್ಲವನ್ನೂ ನಿಲ್ಲಿಸಿತು. ಎರಡೂ ರೈಲುಗಳು ತುದಿಗಳಲ್ಲಿ ಕದಲದೆ ನಿಂತಿದ್ದವು. ಸುರಂಗದಲ್ಲಿ ರೈಲು ಇದೆ ಎಂದು ಅದರ ವಾದ. ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಸೆನ್ಸರಿನ ಸರಿಯಾಗಿ ಮೇಲೆ, ಹಳಿಯಿಂದ ಹಳಿಗೆ, ಜೇಡವೊಂದು ಕಡಲೆಯಷ್ಟು ದಪ್ಪದ ಬಿಳಿ ಗೂಡು ಕಟ್ಟಿತ್ತು. ಪೇಂಟ್ ಬ್ರಷ್‌ನಿಂದ ಮೆಲ್ಲನೆ ಎತ್ತಿ ಕಿಟಕಿಯಾಚೆಯ ದಾಸವಾಳದ ಗಿಡಕ್ಕೆ ಬಿಟ್ಟೆ. ನಾನು ತಿರುಗಿ ಬರುವಷ್ಟರಲ್ಲಿ ಸಕಲೇಶಪುರದ ಕಡೆಯ ಗಾಡಿ ಹೊರಟಾಗಿತ್ತು.