ಹೆರಿಗೆಯ ನಂತರ ಟಮ್ಮಿ ಟಕ್: ತೀರ್ಮಾನಕ್ಕೆ ಮೊದಲು ನೋಡಬೇಕಾದ್ದು

ಹೆರಿಗೆಯಾಗಿ ವರ್ಷ ಕಳೆದರೂ ಹೊಟ್ಟೆ ಮುಂದೆಯೇ ಇದ್ದರೆ ಅದಕ್ಕೆ ನಾಲ್ಕು ಕಾರಣಗಳಿರಬಹುದು. ಹಿಗ್ಗಿದ ಚರ್ಮ ಮತ್ತೆ ಕುಗ್ಗದೆ ಜೋತುಬಿದ್ದಿರಬಹುದು. ಚರ್ಮದ ಕೆಳಗೆ ಕೊಬ್ಬು ನಿಂತಿರಬಹುದು. ಹೊಟ್ಟೆಯ ನಡುವಿನ ಎರಡು ಉದ್ದನೆಯ ಸ್ನಾಯುಗಳು ಬಸಿರಿನಲ್ಲಿ ಅಗಲವಾಗಿ ಹಾಗೇ ಉಳಿದಿರಬಹುದು. ಅಥವಾ ಕರುಳಿನ ಸುತ್ತ, ಸ್ನಾಯುವಿನ ಒಳಗಡೆ ಕೊಬ್ಬು ತುಂಬಿರಬಹುದು. ಟಮ್ಮಿ ಟಕ್, ಅಂದರೆ ಅಬ್ಡಾಮಿನೋಪ್ಲಾಸ್ಟಿ ಎಂಬ ಹೊಟ್ಟೆಯ ಶಸ್ತ್ರಚಿಕಿತ್ಸೆ, ಮೊದಲ ಮೂರನ್ನು ಸರಿಪಡಿಸುತ್ತದೆ. ನಾಲ್ಕನೆಯದನ್ನು ಯಾವ ಸರ್ಜನ್ನೂ ಕತ್ತರಿಸಿ ತೆಗೆಯಲಾರರು, ಕೊಬ್ಬು ಹೀರಿ ತೆಗೆಯುವ ಲೈಪೊಸಕ್ಷನ್ ನಳಿಕೆಯೂ ಅಲ್ಲಿಗೆ ಹೋಗುವುದಿಲ್ಲ. ಹಣ ಕಟ್ಟಿದ ಮೇಲೆ ಬೇಸರಪಡುವವರಲ್ಲಿ ಹಲವರಿಗೆ ತಮ್ಮದು ಯಾವ ಹೊಟ್ಟೆ ಎಂದು ಯಾರೂ ಬಿಡಿಸಿ ಹೇಳಿರುವುದಿಲ್ಲ. ಆದ್ದರಿಂದ ಕೆಲಸ ಅಲ್ಲಿಂದಲೇ ಶುರುವಾಗಲಿ.

ಮನೆಯಲ್ಲೇ ಪರೀಕ್ಷಿಸಿಕೊಳ್ಳುವ ಬಗೆ

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮೂತ್ರ ಮಾಡಿ ಬಂದು, ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿ. ಮಂಡಿ ಮಡಚಿ, ಪಾದ ಊರಿ. ಬಲಗೈಯ ಬೆರಳುಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ತುದಿ ಪಾದದ ಕಡೆಗಿರುವಂತೆ ಹೊಕ್ಕುಳದ ಮೇಲೆ ಮೆಲ್ಲಗೆ ಒತ್ತಿ ಹಿಡಿಯಿರಿ. ಈಗ ಉಸಿರು ಬಿಡುತ್ತ ತಲೆ ಮತ್ತು ಭುಜವನ್ನು ನಾಲ್ಕು ಬೆರಳಷ್ಟು ಮಾತ್ರ ಮೇಲೆತ್ತಿ. ಎರಡೂ ಬದಿಯಿಂದ ಹಗ್ಗ ಬಿಗಿದಂತೆ ಸ್ನಾಯುವಿನ ಅಂಚು ಬೆರಳಿಗೆ ತಾಗುತ್ತದೆ. ನಡುವೆ ಎಷ್ಟು ಬೆರಳು ಹಿಡಿಸುತ್ತವೆ ನೋಡಿ. ಹೊಕ್ಕುಳಕ್ಕಿಂತ ಮೂರು ಬೆರಳು ಮೇಲೆ ಒಮ್ಮೆ, ಮೂರು ಬೆರಳು ಕೆಳಗೆ ಒಮ್ಮೆ ಹೀಗೇ ಮಾಡಿ. ಎರಡು ಬೆರಳಿಗಿಂತ ಹೆಚ್ಚಿದ್ದರೆ ಸ್ನಾಯು ಅಗಲಿದೆ ಎಂದೇ ಲೆಕ್ಕ. ವೈದ್ಯರು ಇದನ್ನು ಡಯಾಸ್ಟಾಸಿಸ್ ರೆಕ್ಟೈ ಎನ್ನುತ್ತಾರೆ. ಅಗಲದಷ್ಟೇ ಆಳವನ್ನೂ ಗಮನಿಸಿ. ಬೆರಳು ನಾದಿದ ಹಿಟ್ಟಿನೊಳಗೆ ಹೋದಂತೆ ಇಳಿದರೆ ನಡುವಿನ ಪಟ್ಟಿ ಸಡಿಲವಾಗಿದೆ. ಅಗಲವಿದ್ದರೂ ತಳ ಬಿಗಿಯಾಗಿ ತಾಗಿದರೆ ವ್ಯಾಯಾಮದಿಂದ ಸುಧಾರಿಸುವ ಸಾಧ್ಯತೆ ಒಳ್ಳೆಯದಿದೆ.

ಹಾಗೇ ಮಲಗಿರುವಾಗ ಒಮ್ಮೆ ಕೆಮ್ಮಿ. ಹೊಕ್ಕುಳದಲ್ಲಿ ನಿಂಬೆಹಣ್ಣಿನಂತೆ ಉಬ್ಬು ಎದ್ದರೆ ಅದು ಹರ್ನಿಯಾ ಇರಬಹುದು, ಸರ್ಜನ್‌ಗೆ ತೋರಿಸಲೇಬೇಕು. ಆ ಉಬ್ಬು ಒಳಗೆ ಹೋಗದೆ ಗಟ್ಟಿಯಾಗಿ, ನೋವು ವಾಂತಿ ಶುರುವಾದರೆ ಅದು ಕರುಳು ಸಿಕ್ಕಿಕೊಂಡ ಲಕ್ಷಣ. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಈಗ ಎದ್ದು ನಿಂತು ಹೊಕ್ಕುಳದ ಕೆಳಗಿನ ಮಡಿಕೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಹಿಡಿಯಿರಿ. ತೆಳ್ಳಗೆ, ಸುಕ್ಕುಬಿದ್ದು ಬಂದರೆ ಹೆಚ್ಚಿನ ಪಾಲು ಚರ್ಮ. ದಪ್ಪಗೆ ಬಂದರೆ ಚರ್ಮದಡಿಯ ಕೊಬ್ಬು. ಕೈಗೆ ಹೆಚ್ಚೇನೂ ಸಿಗದೆ ಹೊಟ್ಟೆ ಮಾತ್ರ ಮಡಕೆಯಂತೆ ಗುಂಡಗೆ, ಅಂಗಾತ ಮಲಗಿದಾಗಲೂ ಇಳಿಯದೆ ಇದ್ದರೆ ಅದು ಒಳಕೊಬ್ಬು. ಇದಕ್ಕೆ ಊಟ, ನಡಿಗೆ, ನಿದ್ದೆ, ಸಕ್ಕರೆ ಮತ್ತು ಥೈರಾಯ್ಡ್ ತಪಾಸಣೆಯೇ ದಾರಿ. ಒಳಕೊಬ್ಬು ತುಂಬಿರುವಾಗ ಸ್ನಾಯುವನ್ನು ಎಳೆದು ಹೊಲಿದರೆ ಒಳಗಿನ ಒತ್ತಡಕ್ಕೆ ಉಸಿರಾಟ ಕಷ್ಟವಾಗಬಹುದು, ಹೊಲಿಗೆಯೂ ಸಡಿಲಾಗಬಹುದು.

ಬಾಣಂತನದಲ್ಲಿ ಹಳೆ ಕಾಟನ್ ಸೀರೆ ಸುತ್ತಿ ಹೊಟ್ಟೆ ಕಟ್ಟುವುದರ ಬಗ್ಗೆ ಒಂದು ಮಾತು. ಅದು ಬೆನ್ನಿಗೆ ಆಸರೆ ಕೊಡುತ್ತದೆ, ಕೂತು ಏಳುವಾಗ ಹಿತವಾಗಿರುತ್ತದೆ. ಅಗಲಿದ ಸ್ನಾಯುವನ್ನು ಮಾತ್ರ ಅದು ಕೂಡಿಸುವುದಿಲ್ಲ. ಬಾಣಂತನದಲ್ಲಿ ಸರಿಯಾಗಿ ಕಟ್ಟಿಕೊಳ್ಳಲಿಲ್ಲ ಎಂದು ನಿಮ್ಮನ್ನು ಯಾರಾದರೂ ದೂರಿದರೆ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬಸಿರಿನಲ್ಲಿ ಆ ಪಟ್ಟಿ ಹಿಗ್ಗುವುದು ದೇಹದ ಸಹಜ ಕೆಲಸ.

ಕತ್ತರಿಗೆ ಮೊದಲು ಮೂರು ತಿಂಗಳು

ಸ್ನಾಯು ಅಗಲಿದವರು ಮಹಿಳೆಯರ ಆರೋಗ್ಯ ಬಲ್ಲ ಫಿಸಿಯೋಥೆರಪಿಸ್ಟ್ ಹತ್ತಿರ 12 ವಾರ ನಿಷ್ಠೆಯಿಂದ ವ್ಯಾಯಾಮ ಮಾಡಿ ನೋಡಬೇಕು. ಮೂಲ ಪಾಠ ಸರಳ: ಉಸಿರು ಬಿಡುತ್ತ, ಮೂತ್ರ ತಡೆದಂತೆ ಕೆಳಗಿನ ಸ್ನಾಯು ಮೇಲೆಳೆದು, ಹೊಕ್ಕುಳನ್ನು ಬೆನ್ನಿನ ಕಡೆ ಸೆಳೆದು ಐದೆಣಿಸಿ ಬಿಡುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಗುವನ್ನು ಎತ್ತುವಾಗಲೂ ಉಸಿರು ಬಿಡುತ್ತಲೇ ಎತ್ತಬೇಕು. ಯಾವುದೇ ವ್ಯಾಯಾಮದಲ್ಲಿ ಹೊಟ್ಟೆಯ ನಡುವೆ ಗುಡಾರದಂತೆ ಏಣು ಎದ್ದರೆ ಅದನ್ನು ನಿಲ್ಲಿಸಿ. ಮಲಗಿ ಎದ್ದು ಕೂರುವ ಸಿಟ್‌ಅಪ್ಸ್ ಹಲವರಿಗೆ ಹೀಗೇ ಮಾಡುತ್ತದೆ. ಅಂತರ ಪೂರ್ತಿ ಮುಚ್ಚದಿದ್ದರೂ ಬೆನ್ನುನೋವು ಇಳಿದು, ಕೆಮ್ಮಿದಾಗ ಮೂತ್ರ ಜಾರುವುದು ಕಡಿಮೆಯಾಗಿ, ಶಸ್ತ್ರಚಿಕಿತ್ಸೆ ಬೇಡವೆನಿಸುವವರಿದ್ದಾರೆ. ಬೇಕೆನಿಸಿದವರಿಗೂ ಈ ಬಲ ಚೇತರಿಕೆಯಲ್ಲಿ ಕೈಹಿಡಿಯುತ್ತದೆ. ಜೋತುಬಿದ್ದ ಚರ್ಮವನ್ನು ಮಾತ್ರ ವ್ಯಾಯಾಮವಾಗಲಿ ಕ್ರೀಮಾಗಲಿ ಮೇಲೆತ್ತುವುದಿಲ್ಲ.

ಯಾವಾಗ ಬೇಡ

ಇನ್ನೊಂದು ಮಗು ಬೇಕೆಂಬ ಯೋಚನೆ ಚೂರಾದರೂ ಇದ್ದರೆ ಕಾಯಿರಿ. ಟಮ್ಮಿ ಟಕ್ ಆದ ಮೇಲೆ ಬಸಿರಾಗುವುದು ಅಪಾಯವಲ್ಲ, ಆದರೆ ಹೊಲಿದದ್ದು ಮತ್ತೆ ಹಿಗ್ಗಿ ಖರ್ಚು, ನೋವು ಎರಡೂ ವ್ಯರ್ಥವಾಗಬಹುದು. ಹೆರಿಗೆಯಾಗಿ ಕನಿಷ್ಠ ಆರು ತಿಂಗಳು, ಎದೆಹಾಲು ಬಿಡಿಸಿ ಮೂರರಿಂದ ಆರು ತಿಂಗಳು ಕಳೆದಿರಬೇಕು. ತೂಕ ಆರು ತಿಂಗಳಿಂದ ಏರದೆ ಇಳಿಯದೆ ನಿಂತಿರಬೇಕು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 30 ದಾಟಿದ್ದರೆ, ಉದಾಹರಣೆಗೆ 155 ಸೆಂಟಿಮೀಟರ್ ಎತ್ತರದವರು 72 ಕೆಜಿ ಮೀರಿದ್ದರೆ, ಗಾಯ ಕೂಡದಿರುವ ಮತ್ತು ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಮೊದಲು ತೂಕ ಇಳಿಸಿ ಬನ್ನಿ ಎನ್ನುವ ಸರ್ಜನ್ ನಿಮ್ಮ ಹಿತ ನೋಡುವವರು.

ಸಿಗರೇಟು, ಗುಟ್ಕಾ, ಕಡ್ಡಿಪುಡಿ, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು ಎಲ್ಲದರಲ್ಲೂ ನಿಕೋಟಿನ್ ಇದೆ. ಅದು ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಈ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ಚರ್ಮವನ್ನು ಕೆಳಗಿನಿಂದ ಬಿಡಿಸಿ ಕೆಳಕ್ಕೆ ಎಳೆಯುವುದರಿಂದ ಅದರ ತುದಿಗೆ ಮೊದಲೇ ರಕ್ತ ಕಡಿಮೆ. ಮೇಲೆ ನಿಕೋಟಿನ್ ಸೇರಿದರೆ ಚರ್ಮ ಕಪ್ಪಾಗಿ ಸಾಯಬಹುದು. ಶಸ್ತ್ರಚಿಕಿತ್ಸೆಗೆ ಮೊದಲು ನಾಲ್ಕು ವಾರ, ಆಮೇಲೆ ನಾಲ್ಕು ವಾರ ಪೂರ್ತಿ ನಿಲ್ಲಿಸಬೇಕು. ತಿನ್ನುವ ಅಭ್ಯಾಸವನ್ನು ನಾಚಿಕೆಯಿಂದ ಮುಚ್ಚಿಡಬೇಡಿ.

ಯಾವ ಬಗೆಯದು

ಚರ್ಮ ಬಿಗಿಯಾಗಿದ್ದು, ಸ್ನಾಯು ಕೂಡಿದ್ದು, ಅಲ್ಲಲ್ಲಿ ಕೊಬ್ಬು ಮಾತ್ರ ಇರುವವರಿಗೆ ಲೈಪೊಸಕ್ಷನ್ ಸಾಕು. ಸಡಿಲ ಚರ್ಮದವರಿಗೆ ಅದೊಂದನ್ನೇ ಮಾಡಿದರೆ ಗಾಳಿ ಬಿಟ್ಟ ಬಲೂನಿನಂತೆ ಇನ್ನಷ್ಟು ಜೋತುಬೀಳುತ್ತದೆ. ಹೊಕ್ಕುಳದ ಕೆಳಗೆ ಮಾತ್ರ ಸ್ವಲ್ಪ ಸಡಿಲವಿದ್ದರೆ ಮಿನಿ ಟಮ್ಮಿ ಟಕ್. ಹೊಕ್ಕುಳದ ಜಾಗ ಬದಲಾಗುವುದಿಲ್ಲ. ಎರಡು ಮೂರು ಹೆರಿಗೆಯಾದ, ಹೊಕ್ಕುಳದ ಮೇಲೂ ಕೆಳಗೂ ಸಡಿಲವಿರುವ ಹೆಚ್ಚಿನವರಿಗೆ ಬೇಕಾಗುವುದು ಪೂರ್ಣ ಟಮ್ಮಿ ಟಕ್: ಒಂದು ಸೊಂಟದ ಮೂಳೆಯಿಂದ ಇನ್ನೊಂದರವರೆಗೆ ಕೊಯ್ದು, ಚರ್ಮವನ್ನು ಪಕ್ಕೆಲುಬಿನವರೆಗೆ ಬಿಡಿಸಿ, ಸ್ನಾಯುಗಳನ್ನು ನಡುವೆ ಕೂಡಿಸಿ ಹೊಲಿದು, ಹೆಚ್ಚುವರಿ ಚರ್ಮ ತೆಗೆದು, ಹೊಕ್ಕುಳಿಗೆ ಹೊಸ ಕಿಂಡಿ ಮಾಡುತ್ತಾರೆ. ಎರಡರಿಂದ ನಾಲ್ಕು ಗಂಟೆಯ ಕೆಲಸ, ಸಾಮಾನ್ಯವಾಗಿ ಪೂರ್ಣ ಅರಿವಳಿಕೆಯಲ್ಲಿ. ತೆಗೆದ ಚರ್ಮದಲ್ಲಿದ್ದ ಸ್ಟ್ರೆಚ್ ಮಾರ್ಕ್ಸ್ ಅದರೊಂದಿಗೇ ಹೋಗುತ್ತವೆ. ಮೇಲಿನವು ಕೆಳಗೆ ಇಳಿದು ಉಳಿಯುತ್ತವೆ. ಕಲೆಯೇ ಇಲ್ಲದ ಟಮ್ಮಿ ಟಕ್ ಎಂಬುದು ಇಲ್ಲ.

ಹಳೆಯ ಗಾಯಗಳ ಗುರುತನ್ನು ಒಂದೂ ಬಿಡದೆ ತೋರಿಸಿ. ಸಿಸೇರಿಯನ್ ಕಲೆ ಅಡ್ಡಕ್ಕಿದ್ದರೆ ಹೆಚ್ಚಾಗಿ ಹೊಸ ಕೊಯ್ತದಲ್ಲೇ ಸೇರಿಹೋಗುತ್ತದೆ. ಹೆರಿಗೆಯ ಬೆನ್ನಲ್ಲೇ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರಿಗೆ ಹೊಕ್ಕುಳದ ಹತ್ತಿರವೇ ಸಣ್ಣ ಹೊಲಿಗೆ ಇರುತ್ತದೆ. ಹೊಕ್ಕುಳದ ರಕ್ತಸಂಚಾರದ ಲೆಕ್ಕಕ್ಕೆ ಅದು ಬೇಕು. ಬಲಪಕ್ಕೆಯ ಕೆಳಗೆ ಪಿತ್ತಕೋಶ ತೆಗೆದ ಉದ್ದ ಕಲೆ ಇದ್ದರೆ ಇನ್ನೂ ಎಚ್ಚರ. ಬಿಡಿಸಿದ ಚರ್ಮಕ್ಕೆ ರಕ್ತ ಬರುವ ದಾರಿಯನ್ನು ಆ ಕಲೆ ಮೊದಲೇ ಕಡಿದಿರುತ್ತದೆ.

ಸರ್ಜನ್ ಮತ್ತು ಬಿಲ್ಲು

ಎಂ.ಸಿಎಚ್. ಅಥವಾ ಡಿಎನ್‌ಬಿ (ಈಗಿನ ಹೆಸರು ಡಿಆರ್‌ಎನ್‌ಬಿ) ಪ್ಲಾಸ್ಟಿಕ್ ಸರ್ಜರಿ ಪದವಿ ಇದೆಯೇ, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಇದೆಯೇ, ಆಸ್ಪತ್ರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಾಯಿತವೇ ಎಂದು ಕೇಳುವುದು ಅವಮಾನವಲ್ಲ. ಚರ್ಮದ ಕ್ಲಿನಿಕ್ಕಿನ "ಕಾಸ್ಮೆಟಾಲಜಿಸ್ಟ್" ಎಂಬ ಫಲಕ ಸರ್ಜನ್ ಪದವಿಗೆ ಸಮನಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ತೀರಿಕೊಂಡ ಸುದ್ದಿ ಹಲವರಿಗೆ ನೆನಪಿರಬಹುದು. ಆದ್ದರಿಂದ ಈ ಪ್ರಶ್ನೆಗಳಿಗೆ ನೇರ ಉತ್ತರ ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ: ಅರಿವಳಿಕೆ ಕೊಡುವ ವೈದ್ಯರು ಯಾರು, ಅವರು ಕೊನೆಯವರೆಗೂ ಇರುತ್ತಾರೆಯೇ? ಇದೇ ಕಟ್ಟಡದಲ್ಲಿ ಐಸಿಯು, ವೆಂಟಿಲೇಟರ್ ಇವೆಯೇ? ರಾತ್ರಿ ಯಾವ ವೈದ್ಯರು ಇರುತ್ತಾರೆ? ಹೆಪ್ಪುಗಟ್ಟುವುದನ್ನು ತಡೆಯಲು ಏನು ಮಾಡುತ್ತೀರಿ?

ಭೇಟಿಗೆ ಹೋಗುವಾಗ ನೀವು ದಿನಾ ಹಾಕುವ ಒಳಉಡುಪು, ಸೀರೆ ಉಡುವವರಾದರೆ ಲಂಗವನ್ನೂ ಹಾಕಿಕೊಂಡು ಹೋಗಿ. ಕಲೆ ಎಲ್ಲಿ ಬರುತ್ತದೆಂದು ಪೆನ್ನಿನಲ್ಲಿ ಗೆರೆ ಎಳೆದು ತೋರಿಸಲು ಹೇಳಿ, ಆ ಗೆರೆಯ ಫೋಟೋ ತೆಗೆದುಕೊಳ್ಳಿ.

ಆರೋಗ್ಯ ವಿಮೆ ಇದಕ್ಕೆ ಕೊಡುವುದಿಲ್ಲ. ಪಾಲಿಸಿಯಲ್ಲಿ ವಿಮೆ ಸಿಗದವುಗಳ ಪಟ್ಟಿಯಲ್ಲಿ ಎಕ್ಸ್‌ಕ್ಲೂಷನ್ 08 ಎಂದಿರುವುದು ಅಂದಕ್ಕಾಗಿ ಮಾಡಿಸುವ ಇಂಥ ಶಸ್ತ್ರಚಿಕಿತ್ಸೆಯೇ. ಹರ್ನಿಯಾ ಇದ್ದರೆ ಆ ಭಾಗಕ್ಕೆ ಮಾತ್ರ ವಿಮೆ ಕೇಳಬಹುದು, ಕಾಯುವ ಅವಧಿ ಮುಗಿದಿರಬೇಕು, ಬಿಲ್ಲು ಬೇರೆಯಾಗಿರಬೇಕು. ಅಂದಾಜಿನಲ್ಲಿ ಜಿಎಸ್‌ಟಿ, ಅರಿವಳಿಕೆ, ಆಮೇಲೆ ಹೊಟ್ಟೆಗೆ ಕಟ್ಟುವ ಬೆಲ್ಟ್, ಔಷಧ, ಡ್ರೆಸ್ಸಿಂಗ್, ಮುಂದೆ ತಿದ್ದುಪಡಿ ಬೇಕಾದರೆ ಅದರ ಖರ್ಚು ಸೇರಿವೆಯೇ ಎಂದು ಬರೆಸಿಕೊಳ್ಳಿ. ಈ ವಾರ ಬುಕ್ ಮಾಡಿದರೆ ರಿಯಾಯಿತಿ ಎನ್ನುವಲ್ಲಿಂದ ಎದ್ದು ಬನ್ನಿ.

ದೇಹದ ಸಿದ್ಧತೆ

ರಕ್ತಹೀನತೆ ನಮ್ಮಲ್ಲಿ ತಾಯಂದಿರಿಗೆ ಸಾಮಾನ್ಯ. ಎರಡು ತಿಂಗಳು ಮುಂಚೆಯೇ ಹಿಮೋಗ್ಲೋಬಿನ್ ನೋಡಿಸಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಿದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಈಸ್ಟ್ರೋಜನ್ ಎಂಬ ಹಾರ್ಮೋನು ಇರುವ ಗರ್ಭನಿರೋಧಕ ಮಾತ್ರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ. ನಾಲ್ಕು ವಾರ ಮೊದಲು ನಿಲ್ಲಿಸುವ ಬಗ್ಗೆ ವೈದ್ಯರನ್ನು ಕೇಳಿ, ಆ ಅವಧಿಗೆ ಬೇರೆ ವಿಧಾನ ಬಳಸಿ. ಆಸ್ಪಿರಿನ್, ನೋವಿನ ಮಾತ್ರೆ, ಆಯುರ್ವೇದದ್ದು ಸೇರಿ ತೆಗೆದುಕೊಳ್ಳುವುದೆಲ್ಲವನ್ನೂ ಬರೆದು ತೋರಿಸಿ.

ಮನೆಯ ಸಿದ್ಧತೆ

ಹೆಚ್ಚಿನವರು ಎಡವುವುದು ಇಲ್ಲೇ. ಆರು ವಾರ ನಾಲ್ಕೈದು ಕೆಜಿಗಿಂತ ಭಾರ ಎತ್ತುವಂತಿಲ್ಲ. ಎರಡು ವರ್ಷದ ಮಗು ಹನ್ನೊಂದು ಹನ್ನೆರಡು ಕೆಜಿ ಇರುತ್ತದೆ, ನೀರು ತುಂಬಿದ ಕೊಡ ಹತ್ತು ದಾಟುತ್ತದೆ, ಐದು ಲೀಟರ್ ಕುಕ್ಕರ್ ತುಂಬಿದರೆ ಅದೂ ಲೆಕ್ಕ ಮೀರುತ್ತದೆ. ಮಗುವಿಗೆ ಸ್ನಾನ ಮಾಡಿಸುವವರು, ರಾತ್ರಿ ಎದ್ದು ಎತ್ತಿಕೊಳ್ಳುವವರು, ಸ್ಕೂಲಿಗೆ ಬಿಡುವವರು ಯಾರೆಂದು ಹೆಸರು ಬರೆದಿಡಿ. ಎರಡು ವಾರವಾದರೂ ಅಮ್ಮ, ಅತ್ತೆ, ಅಕ್ಕ, ಗಂಡ, ಯಾರಾದರೊಬ್ಬರು ಪೂರ್ತಿ ನಿಮ್ಮ ಜೊತೆಗಿರದಿದ್ದರೆ ದಿನಾಂಕ ಮುಂದೂಡಿ. ಮಗು ಕೂತಿರುವ ನಿಮ್ಮ ಪಕ್ಕಕ್ಕೆ ತಾನೇ ಹತ್ತಿ ಬರುವುದನ್ನು ಮುಂಚೆಯೇ ಅಭ್ಯಾಸ ಮಾಡಿಸಿ.

ಮೊದಲ ವಾರ ಬೆನ್ನು ನೇರ ಮಾಡಲಾಗುವುದಿಲ್ಲ, ಬಗ್ಗಿಯೇ ನಡೆಯಬೇಕು. ನೆಲದ ಹಾಸಿಗೆ ಬೇಡ. ಮಂಚದ ಮೇಲೆ ಬೆನ್ನಿಗೆ ಮೂರು ದಿಂಬು, ಮಂಡಿ ಕೆಳಗೆ ಒಂದು. ಕುಕ್ಕರುಗಾಲಿನ ಶೌಚಾಲಯ ಮಾತ್ರ ಇರುವ ಮನೆಯಲ್ಲಿ ಕಮೋಡ್ ಕುರ್ಚಿ ತರಿಸಿ. ಮಲ ಗಟ್ಟಿಯಾಗಿ ತಿಣುಕಿದರೆ ಸ್ನಾಯುವಿನ ಹೊಲಿಗೆ ಜಗ್ಗುತ್ತದೆ. ವೈದ್ಯರು ಬರೆದ ಮಲ ಸಡಿಲಿಸುವ ಔಷಧ, ನೀರು, ಬಾಳೆಹಣ್ಣು ತಪ್ಪಿಸಬೇಡಿ. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಅವುಚಿ ಕೆಮ್ಮಿ. ಕೂತು ಮಾಡುವ ಕೆಲಸಕ್ಕೆ ಎರಡು ಮೂರು ವಾರಕ್ಕೆ ಹೋಗಬಹುದು, ಸ್ಕೂಟರ್ ಅದಕ್ಕೂ ತಡವಾಗಿ. ಬೆಲ್ಟ್ ಸಾಮಾನ್ಯವಾಗಿ ಆರು ವಾರ.

ಒಳಗೆ ನಿಲ್ಲುವ ನೀರು ಹೊರತೆಗೆಯುವ ನಳಿಕೆ, ಅಂದರೆ ಡ್ರೈನ್, ಹಾಕಿದ್ದರೆ ಬೆಳಿಗ್ಗೆ ಸಂಜೆ ಎಷ್ಟು ಎಂಎಲ್ ಬಂತು, ಬಣ್ಣ ಏನು ಎಂದು ಹಾಳೆಯಲ್ಲಿ ಬರೆಯಿರಿ. ದಿನಕ್ಕೆ ಸುಮಾರು 30 ಎಂಎಲ್‌ಗಿಂತ ಕೆಳಗಿಳಿದಾಗ ತೆಗೆಯುತ್ತಾರೆ.

ಏನೇನು ಕೆಡಬಹುದು

ಹೆಚ್ಚಾಗಿ ಕಾಣುವುದು ಸೆರೋಮಾ, ಅಂದರೆ ಚರ್ಮದಡಿ ತಿಳಿನೀರು ನಿಲ್ಲುವುದು. ಹೊಟ್ಟೆ ತಟ್ಟಿದರೆ ನೀರಿನ ಚೀಲದಂತೆ ತುಳುಕುತ್ತದೆ. ಸೂಜಿಯಲ್ಲಿ ಎಳೆದರೆ ಹೋಗುತ್ತದೆ, ಕೆಲವೊಮ್ಮೆ ಹಲವು ಸಲ ಬೇಕು. ಚರ್ಮವನ್ನು ಕೆಳಗಿನಿಂದ ಬಿಡಿಸಿದ ಜಾಗ ಖಾಲಿ ಉಳಿಯುವುದೇ ಇದಕ್ಕೆ ಮುಖ್ಯ ಕಾರಣ. ಒಂದು ಬದಿ ಹಠಾತ್ತನೆ ಊದಿ, ಡ್ರೈನಿನಲ್ಲಿ ಕೆಂಪು ರಕ್ತ ಹೆಚ್ಚಿದರೆ ಒಳಗೆ ರಕ್ತಸ್ರಾವ. ಹೊಲಿಗೆಯ ನಟ್ಟನಡುವೆ ಎಳೆತ ಹೆಚ್ಚು, ರಕ್ತ ಕಡಿಮೆ. ಗಾಯ ಬಾಯಿಬಿಡುವುದು, ಚರ್ಮ ಕಪ್ಪಾಗುವುದು ಅಲ್ಲೇ. ಜ್ವರ, ಕೆಂಪು ಹರಡುವುದು, ಕೀವು, ದುರ್ವಾಸನೆ ಕಂಡರೆ ಅರಿಶಿನ ಹಚ್ಚಿ ಕಾಯಬೇಡಿ, ಫೋಟೋ ಕಳಿಸಿ ಅದೇ ದಿನ ಹೋಗಿ.

ಪ್ರಾಣಕ್ಕೆ ಅಪಾಯ ತರುವುದು ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿ ಶ್ವಾಸಕೋಶಕ್ಕೆ ಹಾರುವುದು. ಶಸ್ತ್ರಚಿಕಿತ್ಸೆಯ ದಿನ ಸಂಜೆಯೇ ಅಥವಾ ಮರುದಿನ ಬೆಳಿಗ್ಗೆ ಎಬ್ಬಿಸಿ ನಡೆಸುವುದು ಇದಕ್ಕೇ. ನೋವೆಂದು ಮಲಗೇ ಇರಬೇಡಿ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಏಕಾಏಕಿ ಏದುಸಿರು, ಎದೆನೋವು, ಕಫದಲ್ಲಿ ರಕ್ತ ಕಂಡರೆ ಕ್ಲಿನಿಕ್ಕಿಗೆ ಫೋನು ಮಾಡುತ್ತ ಕೂರದೆ 108 ಕರೆದು ಐಸಿಯು ಇರುವ ಆಸ್ಪತ್ರೆಗೆ ಹೋಗಬೇಕು.

ಕಲೆ ಮೊದಲ ಮೂರು ತಿಂಗಳು ಕೆಂಪಾಗಿ, ದಪ್ಪಗೆ, ಕಡಿತದಿಂದ ಕೆಟ್ಟದಾಗಿಯೇ ಕಾಣುತ್ತದೆ. ಮಾಗಲು ವರ್ಷದಿಂದ ಒಂದೂವರೆ ವರ್ಷ ಬೇಕು. ನಮ್ಮ ಮೈಬಣ್ಣದವರಲ್ಲಿ ಕಲೆ ಕಪ್ಪಾಗುವುದು, ಉಬ್ಬುವುದು ಹೆಚ್ಚು. ಕಿವಿ ಚುಚ್ಚಿದ ಜಾಗದಲ್ಲಿ ಗಂಟು ಬೆಳೆದಿದ್ದರೆ ಕೆಲಾಯ್ಡ್ ಸ್ವಭಾವವಿರಬಹುದು, ಮೊದಲೇ ಹೇಳಿ. ಗಾಯ ಪೂರ್ತಿ ಕೂಡಿದ ಮೇಲೆ ಸಿಲಿಕೋನ್ ಹಾಳೆ ಅಥವಾ ಜೆಲ್ ಎರಡು ಮೂರು ತಿಂಗಳು ಬಳಸಿದರೆ ಉಬ್ಬು ತಗ್ಗುತ್ತದೆ.

ಹೊಕ್ಕುಳದ ಕೆಳಗೆ ಸ್ಪರ್ಶ ತಿಂಗಳುಗಟ್ಟಲೆ ಇರುವುದಿಲ್ಲ, ಸ್ವಲ್ಪ ಭಾಗದಲ್ಲಿ ಕೊನೆಗೂ ಮರಳದಿರಬಹುದು. ಬಿಸಿನೀರಿನ ಚೀಲ ಅಲ್ಲಿಡಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಒಲೆಯ ಮುಂದೆ ನಿಂತು ಹಿಂದಿನ ಬರ್ನರಿನ ಪಾತ್ರೆಗೆ ಕೈ ಚಾಚುವಾಗ ಮುಂದಿನ ಪಾತ್ರೆಯ ಅಂಚು ಹೊಟ್ಟೆಗೆ ತಾಗದಂತೆ ನೋಡಿಕೊಳ್ಳಿ. ಲಂಗದ ಲಾಡಿಯನ್ನು ಅಭ್ಯಾಸಬಲದಿಂದ ಬಿಗಿದು ಕಟ್ಟಿದರೆ ಊದಿದ ಚರ್ಮದಲ್ಲಿ ಆಳದ ಗೆರೆ ಬಿದ್ದರೂ ಗೊತ್ತಾಗದು. ಮೂರು ತಿಂಗಳು ಅಗಲ ಇಲಾಸ್ಟಿಕ್ ಇರುವ ಲಂಗ ಹೊಲಿಸಿಕೊಳ್ಳಿ, ರಾತ್ರಿ ಬಿಚ್ಚಿದಾಗ ಕನ್ನಡಿ ಹಿಡಿದು ಆ ಜಾಗವನ್ನು ಒಮ್ಮೆ ನೋಡಿ.