ಕೋಸು ಮೊದಲು ಹೆಚ್ಚಿ, ಆಮೇಲೆ ಒಲೆ ಹಚ್ಚಿ

ಕೋಲಾರ ಸಂತೆಯ ಎಲೆಕೋಸಾಗಲಿ, ಹೂಕೋಸಾಗಲಿ, ಬ್ರೊಕೋಲಿಯಾಗಲಿ, ಸಣ್ಣಗೆ ಹೆಚ್ಚಿ 30-40 ನಿಮಿಷ ಹಾಗೇ ಬಿಟ್ಟು ಆಮೇಲೆ ಬೇಯಿಸಿ. ಕತ್ತರಿಸಿದಾಗ ಒಳಗಿನ ಮೈರೋಸಿನೇಸ್ ಅನ್ನೋ ಕಿಣ್ವ ಕೋಸಿನಲ್ಲೇ ಇರುವ ಗ್ಲುಕೋಸಿನೋಲೇಟ್ ಅನ್ನೋ ಗಂಧಕದ ಅಂಶಗಳನ್ನು ಒಡೆಯುತ್ತದೆ. ಸಲ್ಫೊರಫೇನ್‌ನಂಥ ಘಾಟಿನ ಅಂಶಗಳು ಹುಟ್ಟುವುದು ಹೀಗೆ. ನಮ್ಮ ಜೀವಕೋಶಗಳ ರಕ್ಷಣಾ ಕಿಣ್ವಗಳನ್ನು ಚುರುಕು ಮಾಡುವುದು ಇವೇ (ಆದರೆ ಕಾಯಿಲೆಗೆ ಔಷಧಿ ಅಂತ ತಿಳ್ಕೋಬೇಡಿ). ಜಾಸ್ತಿ ಬಿಸಿಗೆ ಮೈರೋಸಿನೇಸ್ ಕೆಟ್ಟುಹೋಗುತ್ತದೆ, ಅದಕ್ಕೇ ಈ ಕಾಯುವಿಕೆ. ಹೂಕೋಸಿನ ಹುಳ ಬಿಡಿಸೋಕೆ ಅರಿಶಿನದ ಬಿಸಿನೀರಿಗೆ ಹಾಕ್ತೀವಲ್ವಾ, ಅದನ್ನೂ ಹೆಚ್ಚಿ ಅಷ್ಟು ಹೊತ್ತು ಬಿಟ್ಟ ಮೇಲೇ ಮಾಡಿ. ಫ್ರೋಜನ್ ಬ್ರೊಕೋಲಿಗೆ ಕಾದು ಪ್ರಯೋಜನವಿಲ್ಲ, ಪ್ಯಾಕ್ ಮಾಡುವ ಮುಂಚೆಯೇ ಅದಕ್ಕೆ ಬಿಸಿ ತಾಗಿರುತ್ತದೆ. ಅಂಥದ್ದಕ್ಕೆ, ಇಲ್ಲವೇ ಪುರುಸೊತ್ತಿಲ್ಲದ ದಿನಕ್ಕೆ, ಪಲ್ಯ ಇಳಿಸಿ ಸ್ವಲ್ಪ ಆರಿದ ಮೇಲೆ ಚಿಟಿಕೆ ಹಸಿ ಸಾಸಿವೆ ಪುಡಿ ಕಲಸಿ. ಸಾಸಿವೆಯಲ್ಲೂ ಅದೇ ಕಿಣ್ವ ಇದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಲೆಕ್ಕಕ್ಕಿಲ್ಲ.